ಹಸಿರು ಬಳೆಯ ಕೈಗೆ ನೀಲಿ ಗೋಡೆ

2022ರ ಜುಲೈ ತಿಂಗಳು. ವಾಡಿಯ ಸ್ಟೇಷನ್ ಕಡೆಯ ರಸ್ತೆಯಲ್ಲಿದ್ದ ನನ್ನ ವಿಡಿಯೊ ಎಡಿಟಿಂಗ್ ಅಂಗಡಿಗೆ ಆಗ ಇಪ್ಪತ್ತಮೂರನೇ ವರ್ಷ ನಡೆಯುತ್ತಿತ್ತು. ಸೇಡಂನಿಂದ ಶಹಾಬಾದದವರೆಗೆ ಮದುವೆ, ಜವಳ, ಬೀಳ್ಕೊಡುಗೆ ಏನೇ ಇರಲಿ, ಶೂಟ್ ಮಾಡಿದವರು ಯಾರೇ ಆಗಲಿ, ಕತ್ತರಿಸಿ ಜೋಡಿಸಲು ಬರುತ್ತಿದ್ದದ್ದು ನನ್ನ ಬಳಿಗೇ. ಇದರಿಂದ ನನಗೆ ಸ್ವಲ್ಪ ಜಂಬವೂ ಬಂದಿತ್ತು. ಆ ಜಂಬವನ್ನು ಇಳಿಸಿದ್ದು ಆರು ನಿಮಿಷದ ಒಂದು ಪಾಠ. ಈಗ ಅಂಗಡಿಯನ್ನು ಬೇರೆಯವರಿಗೆ ವಹಿಸಿ, ಅಪರೂಪಕ್ಕೊಂದು ಕೆಲಸ ಮಾಡಿಕೊಂಡು ಕುಳಿತಿದ್ದೇನೆ. ಹಳೆಯ ಕೆಲಸಗಳನ್ನು ನೆನೆದಾಗಲೆಲ್ಲ ಮೊದಲು ಕಣ್ಣಮುಂದೆ ಬರುವುದು ಅದೇ ಪಾಠ.

ಗ್ರೀನ್ ಸ್ಕ್ರೀನ್ ಎಂದರೇನು ಎಂದು ಮೊದಲೇ ಹೇಳಿಬಿಡುತ್ತೇನೆ. ಒಬ್ಬರನ್ನು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ಚಿತ್ರೀಕರಿಸುತ್ತೇವೆ. ಆಮೇಲೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ‘ಈ ಹಸಿರನ್ನು ಅಳಿಸು’ ಎಂದು ಹೇಳಿದರೆ ಹಸಿರು ಇರುವ ಜಾಗವೆಲ್ಲ ಖಾಲಿಯಾಗುತ್ತದೆ, ಅಲ್ಲಿ ನಮಗೆ ಬೇಕಾದ ಚಿತ್ರ ಕೂರಿಸಬಹುದು. ಇದಕ್ಕೆ ‘ಕೀ’ ತೆಗೆಯುವುದು ಎನ್ನುತ್ತೇವೆ. ಮನುಷ್ಯರ ಚರ್ಮದಲ್ಲಿ ಹಸಿರು ಕಡಿಮೆ, ಕ್ಯಾಮೆರಾದ ಸೆನ್ಸರ್ ಹಸಿರನ್ನು ಚೆನ್ನಾಗಿ ಹಿಡಿಯುತ್ತದೆ, ಅದಕ್ಕೇ ಎಲ್ಲರೂ ಹಸಿರನ್ನೇ ಬಳಸುತ್ತಾರೆ. ಚಿಂಚೋಳಿಯ ಕಾಡನ್ನೇ ನೋಡದ ಎಷ್ಟೋ ಜೋಡಿಗಳನ್ನು ನಾನು ಕುಳಿತಲ್ಲೇ ಹಿಮದ ಬೆಟ್ಟಕ್ಕೆ ಕಳಿಸಿದ್ದೇನೆ. ಸಾಫ್ಟ್‌ವೇರಿಗೆ ಮಾತ್ರ ಯಾವುದು ಪರದೆ, ಯಾವುದು ಮನುಷ್ಯ ಎಂಬುದು ತಿಳಿಯದು. ಅದಕ್ಕೆ ಗೊತ್ತಿರುವುದು ಬಣ್ಣವಷ್ಟೇ.

ಆ ಜುಲೈಯಲ್ಲಿ ನಸೀಮಾ ಬೇಗಂ ನನ್ನ ಅಂಗಡಿಗೆ ಬಂದರು. ಚಿತ್ತಾಪುರದಲ್ಲಿ ಕಿವಿ ಕೇಳದ ಮಕ್ಕಳ ಒಂದು ಸಣ್ಣ ಶಾಲೆಗೆ ಅವರು ಮುಖ್ಯೋಪಾಧ್ಯಾಯಿನಿ. ಸೇಡಂನ ಒಂದು ಶಿಕ್ಷಣ ಟ್ರಸ್ಟ್ ಸನ್ನೆ ಭಾಷೆಯಲ್ಲಿ ವಿಡಿಯೊ ಪಾಠಗಳನ್ನು ಮಾಡಿಸಲು ಮುಂದೆ ಬಂದಿತ್ತು. ಶಾಲೆಗೆ ಬರಲಾಗದೆ ಹಳ್ಳಿಯಲ್ಲೇ ಉಳಿದ ಮಕ್ಕಳು ಮನೆಯ ಮೊಬೈಲಿನಲ್ಲಿ ನೋಡಿ ಕಲಿಯಲಿ ಎಂಬುದು ಉದ್ದೇಶ. ಮುಂದೆ ಶಿಕ್ಷಕಿಯ ಕೈ, ಹಿಂದೆ ಪಾಠದ ಚಿತ್ರ; ಎರಡೂ ಒಟ್ಟಿಗೆ ಕಾಣಬೇಕು. ಮೊದಲು ಒಂದು ಮಾದರಿ ಪಾಠ ತೋರಿಸಬೇಕು. ಅದು ಒಪ್ಪಿಗೆಯಾದರೆ ಇಪ್ಪತ್ತನಾಲ್ಕು ಪಾಠಗಳನ್ನೂ ಈ ಶಾಲೆಯ ಶಿಕ್ಷಕಿಯೇ ಮಾಡುತ್ತಾರೆ. ಇಲ್ಲವಾದರೆ ಬೇರೆ ರಾಜ್ಯದಿಂದ ಸಿದ್ಧ ವಿಡಿಯೊ ತರಿಸುತ್ತಾರೆ, ಅದರಲ್ಲಿ ಬರಹವೆಲ್ಲ ನಮ್ಮ ಮಕ್ಕಳಿಗೆ ಓದಲು ಬಾರದ ಭಾಷೆಯಲ್ಲಿ.

ಆ ಶಿಕ್ಷಕಿಯ ಹೆಸರು ರೇಣುಕಾ. ಊರು ಮುಧೋಳ, ಸೇಡಂ ತಾಲ್ಲೂಕಿನದು. ಮದುವೆಯಾಗಿ ಬಂದದ್ದು ಚಿತ್ತಾಪುರಕ್ಕೆ. ಹುಟ್ಟಿನಿಂದ ಕಿವಿ ಕೇಳದು. ನನಗೂ ಅವರಿಗೂ ಮಾತು ನಡೆಯುತ್ತಿದ್ದದ್ದು ಒಂದು ನೋಟ್‌ಬುಕ್ಕಿನಲ್ಲಿ. ಈ ಕೆಲಸ ನಿಮಗೆ ಯಾಕೆ ಬೇಕು ಎಂದು ಮೊದಲ ದಿನ ಸುಮ್ಮನೆ ಬರೆದು ಕೇಳಿದೆ. ಅವರು ಬರೆದದ್ದು ಇಷ್ಟೇ: ‘ಐದು ವರ್ಷ ಊರ ಶಾಲೆಯಲ್ಲಿ ಕುಳಿತೆ. ಏನೂ ತಿಳಿಯಲಿಲ್ಲ. ನನಗೊಂದು ಹೆಸರಿದೆ ಎಂದು ಗೊತ್ತಾದದ್ದು ಹನ್ನೊಂದನೇ ವರ್ಷಕ್ಕೆ, ಸನ್ನೆ ಕಲಿತ ಮೇಲೆ. ಆಡಕಿಯಲ್ಲಿ, ಮುಧೋಳದಲ್ಲಿ ಈಗಲೂ ಅಂಥ ಮಕ್ಕಳು ಇದ್ದಾರೆ.’ ಓದಿ ಪೆನ್ನಿನ ಮುಚ್ಚಳ ಹಾಕಿದೆ.

ಸಮಯ ಹೆಚ್ಚಿರಲಿಲ್ಲ. ರೇಣುಕಾ ಏಳು ತಿಂಗಳ ಗರ್ಭಿಣಿ. ಭಾನುವಾರ ಕುಬಸ, ಅಂದರೆ ಸೀಮಂತ, ಆಗಿತ್ತು. ಶನಿವಾರ ಮುಧೋಳದಿಂದ ತವರಿನವರು ಬಂದು ಹೆರಿಗೆಗೆ ಕರೆದೊಯ್ಯುವುದೆಂದು ಹಿರಿಯರು ದಿನ ನೋಡಿ ನಿಶ್ಚಯಿಸಿದ್ದರು. ಟ್ರಸ್ಟಿನ ಸಭೆ ಸೋಮವಾರ. ಅಂದರೆ ಶುಕ್ರವಾರದೊಳಗೆ ಚಿತ್ರೀಕರಣ ಮುಗಿಯಲೇಬೇಕು. ನಾನು ‘ಒಂದೇ ದಿನದ ಕೆಲಸ, ಚಿಂತಿ ಬಿಡ್ರಿ’ ಎಂದು ನಸೀಮಾ ಅವರಿಗೆ ದೊಡ್ಡ ಗಂಟಲಿನಲ್ಲಿ ಹೇಳಿದೆ.

ಮಂಗಳವಾರ ವಾಡಿಯ ನನ್ನ ಸ್ಟುಡಿಯೊದಲ್ಲಿ ಚಿತ್ರೀಕರಣವಾಯಿತು. ಪಾಠ ಕಾಗಿಣಾ ನದಿಯದ್ದು. ನನ್ನ ಸ್ಟುಡಿಯೊದ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದೆ: ಹಸಿರು ಸೀರೆ ಬೇಡ, ಹಸಿರು ಕುಪ್ಪಸ ಬೇಡ, ಹಸಿರು ಶಾಲು ಬೇಡ. ರೇಣುಕಾ ಅದರಂತೆ ಕೆಂಗಂದು ಬಣ್ಣದ ಸೀರೆ ಉಟ್ಟು ಬಂದಿದ್ದರು. ಬೆಳಕು ಸರಿಯಿತ್ತು, ಪರದೆಯಲ್ಲಿ ಒಂದು ಸುಕ್ಕಿರಲಿಲ್ಲ. ಅವರ ಕೈಗಳು ಗಾಳಿಯಲ್ಲಿ ನದಿ ಹರಿಸಿದವು, ಊರು ಕಟ್ಟಿದವು. ಎರಡೇ ಟೇಕಿನಲ್ಲಿ ಮುಗಿಸಿ, ಜೊತೆಗೆ ಬಂದಿದ್ದ ಅವರ ಅತ್ತೆ ಶಾಂತಮ್ಮನವರಿಗೂ ಚಹ ತರಿಸಿ ಕೊಟ್ಟು ಕಳಿಸಿದೆ.

ಬುಧವಾರ ಬೆಳಿಗ್ಗೆ ಕೀ ತೆಗೆದೆ. ಹಿಂದೆ ಕಾಗಿಣಾ ಬಂದು ಕೂತಿತು, ಭಾಳ ಚೆಂದ ಕಂಡಿತು. ಆಮೇಲೆ ರೇಣುಕಾ ಕೈ ಎತ್ತಿದರು ನೋಡಿ! ಮುಂಗೈ ಒಂದು ಕಡೆ, ಅಂಗೈ ಒಂದು ಕಡೆ, ನಡುವೆ ನದಿ ಹರಿಯುತ್ತಿತ್ತು! ಕುಬಸದಲ್ಲಿ ತೊಡಿಸಿದ ಹಸಿರು ಗಾಜಿನ ಬಳೆಗಳು, ಒಂದೊಂದು ಕೈಗೆ ಡಜನ್‌ಗಿಂತ ಹೆಚ್ಚು, ಪರದೆಯ ಜೊತೆಗೇ ಅಳಿಸಿಹೋಗಿದ್ದವು.

ಇಷ್ಟು ದೊಡ್ಡ ಸಂಗತಿ ನನ್ನ ಕಣ್ಣಿಗೆ ಬೀಳಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಆ ದಿನ ನನ್ನನ್ನೇ ಬೈದುಕೊಂಡೆ. ನಮ್ಮ ಕಡೆ ಬಸುರಿಯ ಕೈಯಲ್ಲಿ ಹಸಿರು ಬಳೆ ಇಲ್ಲದಿದ್ದರೆ ಎಲ್ಲರೂ ನೋಡುತ್ತಾರೆ, ಇದ್ದರೆ ಯಾರೂ ನೋಡುವುದಿಲ್ಲ. ನನ್ನ ಪಟ್ಟಿಯಲ್ಲಿ ಬಟ್ಟೆಯ ಹೆಸರುಗಳೆಲ್ಲ ಇದ್ದವು, ಬಳೆ ಇರಲಿಲ್ಲ. ಬಳೆಯನ್ನು ನಾನು ಕೈಯ ಭಾಗ ಎಂದೇ ತಿಳಿದಿದ್ದೆ. ಇಪ್ಪತ್ತಮೂರು ವರ್ಷದ ಅನುಭವ ಕಣ್ಣಿದ್ದೂ ಕುರುಡಾಗಿತ್ತು.

ಸರಿಪಡಿಸಲು ಹೊರಟೆ. ಕೀಯ ಪ್ರಮಾಣ ತಗ್ಗಿಸಿದರೆ ಬಳೆ ಅರ್ಧ ಮರಳುತ್ತಿತ್ತು, ಆದರೆ ಬೆರಳುಗಳ ಸಂದಿಯಲ್ಲಿ ಹಸಿರು ಉಳಿಯುತ್ತಿತ್ತು. ಏರಿಸಿದರೆ ಬೆರಳ ಅಂಚೇ ತಿಂದುಹೋಗುತ್ತಿತ್ತು. ಒಂದೊಂದು ಫ್ರೇಮಿನಲ್ಲಿ ಬಳೆಯ ಸುತ್ತ ಕೈಯಿಂದ ಗೆರೆ ಎಳೆಯುವ ದಾರಿಯೂ ಇದೆ. ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್, ಆರು ನಿಮಿಷಕ್ಕೆ ಒಂಬತ್ತು ಸಾವಿರ. ತಿಂಗಳಾದರೂ ಮುಗಿಯದು. ಕೊನೆಗೆ ಕೀ ಏರಿಸಿಯೇ ಇಟ್ಟು, ಸಾಫ್ಟ್‌ವೇರಿನಲ್ಲೇ ಮಣಿಕಟ್ಟಿನ ಮೇಲೆ ಸೀರೆಯ ಬಣ್ಣದ ಒಂದು ಪಟ್ಟಿ ಅಂಟಿಸಿದೆ. ಕೈ ವೇಗವಾಗಿ ತಿರುಗಿದಾಗ ಪಟ್ಟಿ ಜಾರುತ್ತಿತ್ತು. ಮಕ್ಕಳೇನು ಇಷ್ಟೆಲ್ಲ ಗಮನಿಸುತ್ತವೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಗುರುವಾರ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಚಿತ್ತಾಪುರಕ್ಕೆ ಹೋದೆ. ಶಾಲೆಯ ಟಿವಿಯ ಮುಂದೆ ಮಕ್ಕಳು ಕುಳಿತರು. ರೇಣುಕಾ ಪಕ್ಕದ ಕುರ್ಚಿಯಲ್ಲಿದ್ದರು. ಎರಡು ನಿಮಿಷವೂ ಆಗಿರಲಿಲ್ಲ, ಚಿಂಚೋಳಿ ಕಡೆಯ ಒಂದು ಪುಟ್ಟ ಹುಡುಗಿ, ಏಳು ವರ್ಷದವಳಿರಬೇಕು, ಎದ್ದು ಹೋಗಿ ರೇಣುಕಾರ ಎರಡೂ ಮಣಿಕಟ್ಟುಗಳನ್ನು ಹಿಡಿದಳು. ಬಳೆ ಸರಿಸಿ ಸರಿಸಿ ಒತ್ತಿ ನೋಡಿದಳು. ಆಮೇಲೆ ಟಿವಿಯತ್ತ ಕೈ ಮಾಡಿ ಏನೋ ಕೇಳಿದಳು.

“ಟೀಚರ್ ಕೈ ಕಡದಾವೇನು, ನೋವು ಆಗ್ಲಿಕತ್ತದೇನು ಅಂತ ಕೇಳ್ಲಿಕತ್ತಾಳ್ರಿ,” ಎಂದರು ನಸೀಮಾ.

ಅಷ್ಟೇ ಆಗಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಪಾಠದಲ್ಲಿ ನದಿ ದಂಡೆಯ ಮೂರು ಊರುಗಳ ಮಾತು ಬರುತ್ತದೆ. ದೊಡ್ಡ ಮಕ್ಕಳನ್ನು ಎಷ್ಟು ಊರು ಎಂದು ಕೇಳಿದರೆ ಎಲ್ಲರೂ ಎರಡು ಬೆರಳು ತೋರಿಸಿದರು. ಮೂರನೇ ಬೆರಳನ್ನು ನನ್ನ ಕೀ ತಿಂದಿತ್ತು. ಮದುವೆ ವಿಡಿಯೊದಲ್ಲಿ ಅಂಚು ಸವೆದರೆ ಚೆಂದ ಕಡಿಮೆಯಾಗುತ್ತದೆ. ಇಲ್ಲಿ ಅಂಚು ಸವೆದರೆ ಮಾತೇ ಸುಳ್ಳಾಗುತ್ತದೆ ಎಂಬುದು ಆಗ ನನ್ನ ತಲೆಗೆ ಹೋಯಿತು.

ಮತ್ತೊಮ್ಮೆ ಶೂಟ್ ಮಾಡಲೇಬೇಕು. ಉಳಿದದ್ದು ಶುಕ್ರವಾರ ಒಂದೇ. ಬಳೆಯ ಮೇಲೆ ಬಟ್ಟೆ ಸುತ್ತಿ ನೋಡಿದೆವು. ಮಣಿಕಟ್ಟು ತಿರುಗಲಿಲ್ಲ, ಸನ್ನೆಗಳೆಲ್ಲ ಬಿಗಿಯಾದವು. ಆಗ ನಾನು ಶಾಲೆಯ ಪಡಸಾಲೆಯಲ್ಲಿ ಕುಳಿತಿದ್ದ ಶಾಂತಮ್ಮನವರ ಬಳಿ ಹೋಗಿ ಮೆಲ್ಲಗೆ, “ಒಂದ್ ತಾಸಿನ ಮಟ್ಟಿಗಿ ಬಳಿ ತೆಗದ್ರ ಆಗ್ತದೇನ್ರಿ ಅವ್ವ?” ಎಂದು ಕೇಳಿಬಿಟ್ಟೆ.

ಅವರು ಎದ್ದೇ ನಿಂತರು. “ಏನು ಮಾತಾಡ್ಲಿಕತ್ತೀರಿ ನೀವು? ತುಂಬಿದ ಬಸುರಿ ಕೈಯಾಗಿನ ಬಳಿ ತೆಗಿ ಅಂತೀರಲ್ಲ, ನಿಮ್ಮ ಮನ್ಯಾಗ ಹೆಣ್ಮಕ್ಕಳು ಇಲ್ಲೇನು?”

ನಾನು ತಲೆ ತಗ್ಗಿಸಿದೆ. ಅವರ ಸಿಟ್ಟು ಒಂದು ಗಳಿಗೆಯಲ್ಲಿ ಇಳಿಯಿತು. ಅವರು ಕುಳಿತು, ಸೊಸೆಯ ಕಡೆ ನೋಡಿ ಹೇಳಿದರು, “ಬಳಿ ಸಪ್ಪಳ ಹೊಟ್ಟ್ಯಾಗಿನ ಕೂಸಿಗಿ ಕೇಳಸ್ತದ ಅಂತಾರ. ನಮ್ಮ ರೇಣಿ ಮಾತಾಡೂದು ಕೈಲೆ. ಮಾತಾಡಿದಾಗೆಲ್ಲ ಬಳಿ ಸಪ್ಪಳ ಆಗ್ತದ. ಆ ಕೂಸಿಗಿ ತಾಯಿ ದನಿ ಅಂದ್ರ ಅದೇ. ಅದನ್ನ ತೆಗಿ ಅಂದ್ರ ಹ್ಯಾಂಗ್ರಿ?”

ನಸೀಮಾ ಈ ಮಾತನ್ನು ಸನ್ನೆಯಲ್ಲಿ ರೇಣುಕಾರಿಗೆ ತಿಳಿಸಿದರು. ರೇಣುಕಾ ಅತ್ತೆಯ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ನೋಟ್‌ಬುಕ್ ಎಳೆದುಕೊಂಡರು. ‘ಬಳೆ ತೆಗೆಯುವುದಿಲ್ಲ. ಪಾಠವನ್ನೂ ಬಿಡುವುದಿಲ್ಲ. ನೀವು ಬೇರೆ ದಾರಿ ನೋಡಿರಿ’ ಎಂದು ಬರೆದು ಕೈಗಿತ್ತರು. ನನ್ನ ವೃತ್ತಿಯಲ್ಲಿ ಯಾರೂ ನನಗೆ ಇಷ್ಟು ಸ್ಪಷ್ಟವಾಗಿ ಕೆಲಸ ಹೇಳಿರಲಿಲ್ಲ.

ಬೇರೆ ದಾರಿ ಎಂದರೆ ನೀಲಿ. ಹಸಿರಿನ ಬದಲು ನೀಲಿ ಪರದೆ ಹಾಕಿದರೆ ಸಾಫ್ಟ್‌ವೇರ್ ನೀಲಿಯನ್ನು ಅಳಿಸುತ್ತದೆ, ಹಸಿರು ಬಳೆ ಉಳಿಯುತ್ತದೆ. ನೀಲಿಗೆ ಬೆಳಕು ಹೆಚ್ಚು ಬೇಕು ಎಂಬುದೊಂದೇ ತೊಡಕು. ಇಷ್ಟು ಗೊತ್ತಿದ್ದೂ ನಾನು ಮೊದಲು ಹೆಣ್ಣುಮಗಳ ಕೈಯ ಬಳೆ ತೆಗೆಸಲು ಹೋಗಿದ್ದೆ, ನನ್ನ ಪರದೆ ತೆಗೆಯುವ ಯೋಚನೆ ಬಂದಿರಲಿಲ್ಲ. ವಾಡಿಗೆ ಮರಳಿ ಅರಿವೆ ಅಂಗಡಿಗಳನ್ನೆಲ್ಲ ಸುತ್ತಿದೆ. ಸಿಕ್ಕಿದ್ದು ಮಿರಿಮಿರಿ ಮಿಂಚುವ ಲೈನಿಂಗ್ ಬಟ್ಟೆ. ಕಟ್ಟಿ ನೋಡಿದರೆ ಒಂದೊಂದು ಮಡಿಕೆಯಲ್ಲಿ ಒಂದೊಂದು ನೀಲಿ. ಕೀ ಎನ್ನುವುದು ಒಂದೇ ಸಮನಾದ ಬಣ್ಣವನ್ನು ಬೇಡುತ್ತದೆ. ಅದು ಕೆಲಸಕ್ಕೆ ಬರಲಿಲ್ಲ.

ಶಹಾಬಾದದಲ್ಲಿ ನನಗೆ ಪರಿಚಯದ ಒಬ್ಬ ಪೇಂಟರ್ ಇದ್ದರು, ಮಿಲಿಂದ. ಅಂಗಡಿಗಳ ಬೋರ್ಡು ಬರೆಯುವುದು, ಗೋಡೆಗೆ ಬಣ್ಣ ಹೊಡೆಯುವುದು ಅವರ ಕೆಲಸ. ಫೋನ್ ಮಾಡಿ, ನಾಳೆ ಬೆಳಿಗ್ಗೆಯೊಳಗೆ ನನ್ನ ಸ್ಟುಡಿಯೊದ ಗೋಡೆಗೆ ನೀಲಿ ಹೊಡೆಯಲು ಆಗುತ್ತದೆಯೇ ಎಂದು ಕೇಳಿದೆ.

“ಹೊಡಿಲಿಕ್ಕೇನು ಹೊಡಿಬಹುದ್ರಿ, ಒಣಗಬೇಕಲ್ಲ,” ಎಂದರು ಮಿಲಿಂದ. “ಮಳಿಗಾಲದ ಗೋಡಿ, ಒಂದ್ ಕೋಟು ಬಣ್ಣಕ್ಕ ಬರೇ ಕಲಿ ಕಾಣಸ್ತಾವ. ಹೊಸಾದು ಯಾಕ ಹೊಡಸ್ತೀರಿ? ಭಂಕೂರದಾಗ ನಮ್ಮ ವಿಹಾರದ ಸಭಾಮಂಟಪಕ್ಕ ನಾನೇ ನೀಲಿ ಹೊಡ್ದೀನಿ. ಮೂರು ಕೋಟು, ಮಿಂಚಂಗಿಲ್ಲ, ಪಕ್ಕಾ ಸಪಾಟ. ಒಂದು ಕಲಿ ತೋರ್ಸ್ರಿ ನೋಡಾಮು.”

ಭಂಕೂರದ ದಲಿತರ ಓಣಿಯಲ್ಲಿದ್ದ ಆ ಬುದ್ಧ ವಿಹಾರದ ಮುಂದೆ ನಾನು ಇಪ್ಪತ್ತು ವರ್ಷ ಓಡಾಡಿದ್ದೆ. ಅದರ ಒಳಗೆ ಕಾಲಿಟ್ಟಿರಲಿಲ್ಲ. ಯಾಕೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಮಿಲಿಂದ ಆ ಸಂಜೆಯೇ ಹಿರಿಯರ ಒಪ್ಪಿಗೆ ಪಡೆದು ತಿಳಿಸಿದರು. ಮಕ್ಕಳ ಪಾಠ ಅಂದ ಮೇಲೆ ಕೇಳೂದೇನದ ಎಂದರಂತೆ ಅವರು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನಾವೆಲ್ಲ ಭಂಕೂರ ಸೇರಿದೆವು. ಶಾಂತಮ್ಮನವರು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಒಳಗಿನಿಂದ ಒಬ್ಬ ಮುದುಕಿ, “ಬರ್ರಿ ಅವ್ವ, ಬಸುರಿಗಿ ನಿಂದರ್ಸಬ್ಯಾಡ್ರಿ, ಕುಂದ್ರಿ ಬರ್ರಿ,” ಎಂದು ಬಂದು ರೇಣುಕಾರ ಕೈ ಹಿಡಿದರು. ಅತ್ತೆ ಸೊಸೆ ಇಬ್ಬರೂ ಒಳಗೆ ಬಂದರು, ಅವರ ಹಿಂದೆ ನಾನೂ ಬಂದೆ.

ಗೋಡೆ ನೋಡಿ ನನಗೆ ಕುಣಿಯಬೇಕೆನಿಸಿತು. ಹದಿನೆಂಟು ಅಡಿ ಅಗಲ, ಒಂದೇ ಹದದ ನೀಲಿ, ಒಂದು ಗೀರಿಲ್ಲ. ಆದರೆ ನೆಲ! ಗರ್ಭಿಣಿ ಬರುತ್ತಾಳೆಂದು ಓಣಿಯ ಹೆಣ್ಣುಮಕ್ಕಳು ನಸುಕಿನಲ್ಲೇ ನೆಲ ತೊಳೆದು ಒರೆಸಿದ್ದರು. ಪಾಲಿಶ್ ಮಾಡಿದ ಶಹಾಬಾದಿ ಕಲ್ಲು ನೀರು ಕುಡಿದು ಥಳಥಳಿಸುತ್ತಿತ್ತು. ಗೋಡೆಯ ನೀಲಿ ನೆಲಕ್ಕೆ ಬಿದ್ದು ಅಲ್ಲಿಂದ ರೇಣುಕಾರ ಮುಂಗೈಯ ಅಡಿಗೆ, ಬಳೆಗಳ ಹೊಳಪಿಗೆ ಬಡಿಯುತ್ತಿತ್ತು. ಹೀಗೆ ಪರದೆಯ ಬಣ್ಣ ಮನುಷ್ಯರ ಮೇಲೆ ಚೆಲ್ಲುವುದಕ್ಕೆ ‘ಸ್ಪಿಲ್’ ಎನ್ನುತ್ತೇವೆ. ಸ್ಪಿಲ್ ಇದ್ದರೆ ಅಂಚು ಮತ್ತೆ ಕೆಡುತ್ತದೆ. ಅಷ್ಟು ಪ್ರೀತಿಯಿಂದ ತೊಳೆದವರಿಗೆ ಯಾಕೆ ತೊಳೆದಿರಿ ಎನ್ನಲು ಬಾಯಿ ಬರಲಿಲ್ಲ. ಮಿಲಿಂದರಿಗೆ ಹೇಳಿದೆ. ಅವರು ಹೊರಗೆ ಹೋಗಿ ಒಂದು ಕೂಗು ಹಾಕಿದರು. ನಾಲ್ಕು ಮನೆಗಳಿಂದ ಜಮಖಾನೆಗಳು ಬಂದವು, ಹೊಳೆಯುವ ಕಲ್ಲು ಪೂರ್ತಿ ಮುಚ್ಚಿತು. ಬೆಳಕು ಸಾಲದು ಎಂದಾಗ ಬಿಳಿ ಚಾದರಗಳೂ ಬಂದವು. ಅವನ್ನು ಎರಡು ಬದಿಯ ಕಿಟಕಿಗಳ ಎದುರಿಗೆ ಕಟ್ಟಿದೆವು, ಹೊರಗಿನ ಬೆಳಕು ತಿರುಗಿ ಒಳಗೆ ಹರಡಿತು.

ರೇಣುಕಾರನ್ನು ಗೋಡೆಯಿಂದ ಎಂಟು ಅಡಿ ಮುಂದೆ ನಿಲ್ಲಿಸಿದೆ. ಷಟರ್ ವೇಗವನ್ನು ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗಕ್ಕೆ ಇಟ್ಟೆ. ಹಾಗಿದ್ದರೆ ವೇಗದ ಬೆರಳೂ ಮಸುಕಾಗದು. ಮೋಡ ಬಂದು ಹೋಗಿ ಮಾಡುತ್ತಿತ್ತು. ಮೋಡ ಬಂದಾಗ ನಿಲ್ಲಿಸಿ, ಹೋದಾಗ ಶುರು ಮಾಡಿದೆವು. ಮೂರನೇ ಟೇಕಿಗೆ ರೇಣುಕಾರ ಕಾಲು ಬಾತವು. ಅವರು ಕುಳಿತಾಗ ಆ ಮುದುಕಿ ಬಟ್ಟಲಲ್ಲಿ ಚಹ ತಂದರು, ಜೊತೆಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ. ಮೊದಲ ಸಲ ಮನೆಗೆ ಬಂದ ಬಸುರಿಯನ್ನು ಉಡಿ ತುಂಬದೆ ಕಳಿಸುವ ಪದ್ಧತಿ ಇಲ್ಲವಲ್ಲ. ನನಗೋ ಬಿಸಿಲು ಹೋದೀತೆಂಬ ಅವಸರ. ಶಾಂತಮ್ಮನವರು ನನ್ನ ಕಡೆ ತಿರುಗಿ, “ನಿಮ್ಮ ಕ್ಯಾಮೆರಾ ಜರಾ ತಡೀಲಿ,” ಎಂದರು. ತಡೆಯಿತು. ನಾಲ್ಕನೇ ಟೇಕು ಮೊದಲಿನಿಂದ ಕೊನೆಯವರೆಗೆ ಒಂದು ತಪ್ಪೂ ಇಲ್ಲದೆ ಮುಗಿಯಿತು.

ಮಧ್ಯಾಹ್ನ ವಾಡಿಗೆ ಬಂದು ಕೀ ತೆಗೆದೆ. ನೀಲಿ ಒಂದೇ ಕ್ಲಿಕ್ಕಿಗೆ ಹೋಯಿತು. ಬಳೆಯ ಮೇಲಿದ್ದ ಚೂರು ನೀಲಿ ಹೊಳಪನ್ನು ತಗ್ಗಿಸಿದೆ. ಹತ್ತೂ ಬೆರಳು, ಬೆರಳಿನ ಉಗುರು, ಬಳೆಗಳಲ್ಲಿ ಒಂದೊಂದೂ ಎಣಿಸುವಂತೆ ನಿಂತಿದ್ದವು, ಹಿಂದೆ ಕಾಗಿಣಾ ತನ್ನ ಪಾಡಿಗೆ ಹರಿಯುತ್ತಿತ್ತು. ಅಂಥ ಸ್ವಚ್ಛ ಕೀ ನನ್ನ ಜೀವನದಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ. ಕುಳಿತಲ್ಲೇ ಮಿಲಿಂದರಿಗೆ ಫೋನ್ ಮಾಡಿ, ನಿಮ್ಮ ಗೋಡೆಯಲ್ಲಿ ಒಂದು ಕಲೆಯೂ ಸಿಗಲಿಲ್ಲ, ಸೋತೆ ಎಂದೆ. ಅವರು ನಕ್ಕರು.

ಶನಿವಾರ ರೇಣುಕಾ ತವರಿಗೆ ಹೋದರು. ಸೋಮವಾರ ಸೇಡಂನಲ್ಲಿ ಟ್ರಸ್ಟಿನ ಮೂವರ ಮುಂದೆ ನಸೀಮಾ ಮತ್ತು ನಾನು ಪಾಠ ತೋರಿಸಿದೆವು. ಮುಗಿದ ಮೇಲೆ ಒಬ್ಬರು ಕನ್ನಡಕ ಸರಿಪಡಿಸಿಕೊಂಡು, “ಎಲ್ಲಾ ಚಲೋ ಅದ. ಬಳಿ ಮಾತ್ರ ಭಾಳ ಎದ್ದು ಕಾಣಸ್ತಾವ. ತೆಗಸಬಹುದಿತ್ತಲ್ಲ?” ಎಂದರು.

ನಸೀಮಾ ಸಾವಕಾಶವಾಗಿ ಹೇಳಿದರು, “ಸರ್, ನಾನು ಮಕ್ಕಳಿಗಿ ತೋರಿಸಿ ಬಂದೀನಿ. ಊರು ಎಷ್ಟು ಅಂದ್ರ ಎಲ್ಲರೂ ಮೂರು ಬೆರಳು ಎತ್ತಿದರು. ಕೈ ಎತ್ತ ತಿರುಗ್ತು ಅನ್ನೂದು ಬಳಿ ಇರೋದಕ್ಕೇ ಇನ್ನೂ ಚಲೋ ತಿಳೀತದ. ಇದ್ದರ ಇರಲಿ ಬಿಡ್ರಿ.”

ಮೂವರೂ ಮತ್ತೊಮ್ಮೆ ಹಾಕಿ ಎಂದರು. ಎರಡನೇ ಸಲ ನೋಡಿದ ಮೇಲೆ ಇಪ್ಪತ್ತನಾಲ್ಕು ಪಾಠಗಳೂ ರೇಣುಕಾರವೇ, ಹೆರಿಗೆ ಮುಗಿದು ಅವರು ಚೇತರಿಸಿಕೊಳ್ಳುವವರೆಗೆ ಕಾಯೋಣ ಎಂದು ಬರೆದು ಸಹಿ ಹಾಕಿದರು.

ನಸೀಮಾ ಅಲ್ಲಿಂದಲೇ ಮುಧೋಳಕ್ಕೆ ವಿಡಿಯೊ ಕಾಲ್ ಮಾಡಿದರು. ರೇಣುಕಾರ ಮುಖ ಕಂಡಿತು. ನಸೀಮಾ ಒಂದೇ ಕೈಯಲ್ಲಿ ಏನೋ ಹೇಳಿದರು. ರೇಣುಕಾ ಕಣ್ಣು ದೊಡ್ಡದು ಮಾಡಿ ಮತ್ತೆ ಕೇಳಿದರು, ನಸೀಮಾ ಮತ್ತೆ ಹೇಳಿದರು. ಅಷ್ಟರಲ್ಲಿ ಪರದೆಯ ಮೇಲೆ ಬರೀ ಮನೆಯ ಚಾವಣಿ, ತಿರುಗುವ ಫ್ಯಾನು. ಕರೆ ಹೋಯಿತೇನೋ ಎಂದುಕೊಂಡೆ.

“ಇಲ್ರಿ, ತನ್ನ ಅವ್ವಗ ಹೇಳ್ಲಿಕತ್ತಾಳ,” ಎಂದು ನಸೀಮಾ ಕಣ್ಣೊರೆಸಿಕೊಂಡರು. “ಎರಡೂ ಕೈ ಬೇಕಲ್ಲ, ಫೋನ್ ಕೆಳಗ ಇಟ್ಟಾಳ.”

ನಾವಿಬ್ಬರೂ ಆ ಫ್ಯಾನನ್ನು ನೋಡುತ್ತ ನಿಂತೆವು. ನನಗೆ ಕೃತಜ್ಞತೆ ಎಂಬ ಮಾತಿನ ಅರ್ಥ ಪೂರ್ತಿ ತಿಳಿದದ್ದು ಆ ಎರಡು ನಿಮಿಷಗಳಲ್ಲಿ. ಬಳೆ ಬಿಡದ ಸೊಸೆಗೆ, ಬಿಡಿಸಗೊಡದ ಅತ್ತೆಗೆ, ಮೂರು ಕೋಟು ಹೊಡೆದ ಮಿಲಿಂದರಿಗೆ, ಜಮಖಾನೆ ಹಾಸಿದ ಓಣಿಗೆ ನಾನು ಋಣಿ. ಆ ಇಪ್ಪತ್ತನಾಲ್ಕು ಪಾಠಗಳೂ ಮುಂದೆ ಭಂಕೂರದ ಅದೇ ಗೋಡೆಯ ಮುಂದೆ ಆದವು, ಎಲ್ಲವನ್ನೂ ನಾನೇ ಎಡಿಟ್ ಮಾಡಿದೆ.

ಸೇಡಂನಿಂದ ವಾಡಿಗೆ ಬಂದವನೇ ಸ್ಟುಡಿಯೊದ ಬಾಗಿಲಿನ ಪಟ್ಟಿಯನ್ನು ಕಿತ್ತು ತೆಗೆದೆ. ಬಂದವರು ನನ್ನ ಪರದೆಗೆ ತಕ್ಕಂತೆ ಬದಲಾಗಲಿ ಎಂದು ಇಪ್ಪತ್ತಮೂರು ವರ್ಷ ಬಯಸಿದ್ದೆ. ಈಗ ಯಾರಾದರೂ ಚಿತ್ರೀಕರಣಕ್ಕೆ ಬಂದರೆ ಏನು ಉಡಬೇಡಿ, ಏನು ತೊಡಬೇಡಿ ಎಂದು ಹೇಳುವುದಿಲ್ಲ. ಚಹ ಕೊಟ್ಟು ಕೂರಿಸಿ, ನೀವು ಯಾವುದನ್ನು ಬಿಟ್ಟಿರಲಾರಿರಿ ಎಂದು ಕೇಳುತ್ತೇನೆ. ಅವರು ಹೇಳುವವರೆಗೆ ಪರದೆ ಕಟ್ಟುವುದಿಲ್ಲ.